ಮೂಗು ಮುರಿದ ಅಜ್ಜಿ: ಸ್ಪಾಲ್ಟೆಡ್ ಮರದಲ್ಲಿ ಸೂಕ್ಷ್ಮ ಕೆತ್ತನೆ

ಪ್ರಶ್ನೆ: ಮೂರು ವರ್ಷದಿಂದ ಬಿಡುವಾದಾಗಲೆಲ್ಲ ಮರ ಕೆತ್ತುತ್ತೇನೆ. ಇಲ್ಲಿಯವರೆಗೆ ಮೆತ್ತನೆಯ, ಒಂದೇ ಬಣ್ಣದ ಮರದಲ್ಲೇ ಕೆಲಸ. ಈಗ ಕಪ್ಪು ಗೆರೆಗಳ ಚಿತ್ತಾರವಿರುವ ಸ್ಪಾಲ್ಟೆಡ್ ಮರದ ತುಂಡೊಂದು ಸಿಕ್ಕಿದೆ. 20 ಸೆಂ.ಮೀ. ಎತ್ತರ, 9 ಸೆಂ.ಮೀ. ಚೌಕ. ನಮ್ಮಕ್ಕನಿಗೆ ಉಡುಗೊರೆ ಕೊಡಲು, ಬೆಕ್ಕನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತ ಅಜ್ಜಿಯನ್ನು ಕೆತ್ತಲು ಶುರು ಮಾಡಿದೆ. ಚಿತ್ತಾರ ಎಲ್ಲಕ್ಕಿಂತ ಚೆನ್ನಾಗಿದ್ದ ಮಗ್ಗುಲಲ್ಲಿ ಮುಖ ಇಟ್ಟೆ. ಎರಡನೇ ದಿನವೇ ಮೂಗು ಪುಡಿಯಾಗಿ ಕಿತ್ತುಬಂತು. ಉಳಿದ ಮುಖವೂ ದೂರದಿಂದ ಏನೂ ಕಾಣುತ್ತಿಲ್ಲ. ಮೆತ್ತಗಾದ ಜಾಗವನ್ನು ಗಟ್ಟಿ ಮಾಡುವುದು ಹೇಗೆ? ಈ ಮರದಲ್ಲಿ ಕಣ್ಣು, ಸುಕ್ಕು, ಬೆರಳು ಮೂಡಿಸಲು ಆಗುತ್ತದೆಯೇ? ಶಿಲೀಂಧ್ರ ಇರುವ ಮರವನ್ನು ಇನ್ನೊಬ್ಬರ ಮನೆಗೆ ಕೊಡಬಹುದೇ? ಕೊನೆಗೆ ಯಾವ ಪಾಲಿಷ್ ಹಾಕಲಿ? ಎರಡು ತಿಂಗಳು ಸಮಯ ಇದೆ.

ಉತ್ತರ: ಮೂಗು ಹೋದದ್ದಕ್ಕೂ ಮುಖ ಕಾಣದಿರುವುದಕ್ಕೂ ಕಾರಣ ಒಂದೇ, ಅದು ನಿಮ್ಮ ಪ್ರಶ್ನೆಯಲ್ಲೇ ಇದೆ. ಚಿತ್ತಾರ ಎಲ್ಲಕ್ಕಿಂತ ಚೆನ್ನಾಗಿದ್ದ ಕಡೆ ಮುಖ ಇಟ್ಟಿದ್ದೀರಿ. ಈ ಮರ ಕೈಗೆ ಬಂದ ಎಲ್ಲರೂ ಮೊದಲ ಸಲ ಹಾಗೇ ಮಾಡುತ್ತಾರೆ. ಆದರೆ ಚಿತ್ತಾರ ಜೋರಾಗಿರುವ ಕಡೆ ಮರ ಸಾಮಾನ್ಯವಾಗಿ ಬಡವಾಗಿರುತ್ತದೆ, ಕೆತ್ತಿದ ವಿವರವೂ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನನ್ನ ಸಲಹೆಯಲ್ಲಿ ಮುಕ್ಕಾಲು ಪಾಲು ಅಜ್ಜಿಯನ್ನು ಆ ತುಂಡಿನೊಳಗೆ ಹೇಗೆ ಕೂರಿಸಬೇಕು ಅನ್ನುವುದೇ. ಅಂಟು, ಪಾಲಿಷ್ ಎಲ್ಲ ಆಮೇಲೆ.

ಮರದೊಳಗೆ ಏನಾಗಿದೆ ಅಂತ ಸ್ವಲ್ಪ ತಿಳಿದರೆ ಕತ್ತಿ ಎಲ್ಲಿ ಇಡಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಸ್ಪಾಲ್ಟಿಂಗ್ ಅಂದರೆ ಕಡಿದ ಅಥವಾ ಸತ್ತ ಮರದೊಳಗೆ ಶಿಲೀಂಧ್ರ ಸೇರಿ ಬಣ್ಣ ಬದಲಾಯಿಸುವುದು. ಇದರಲ್ಲಿ ಮೂರು ಬಗೆ ಇವೆ, ಒಂದೇ ತುಂಡಿನಲ್ಲಿ ಮೂರೂ ಇರಬಹುದು. ಒಂದು, ಮರ ಮಸುಕಾಗಿ ಬಿಳಿಚಿಕೊಳ್ಳುವುದು. ಬಿಳಿ ಕೊಳೆಯ ಶಿಲೀಂಧ್ರಗಳು ಮರಕ್ಕೆ ಬಿಗುವು ಕೊಡುವ ಲಿಗ್ನಿನ್ ಅನ್ನು ತಿಂದುಹಾಕುತ್ತವೆ, ಅದರ ಜೊತೆ ಬಣ್ಣವೂ ಹೋಗುತ್ತದೆ. ಬಿದ್ದ ಮರದ ಮೇಲೆ ಬೀಸಣಿಗೆಯ ಹಾಗೆ ಪದರಪದರವಾಗಿ ಏಳುವ ಟ್ರಾಮೆಟಿಸ್ ವರ್ಸಿಕಲರ್ ಈ ಗುಂಪಿನದು. ಎರಡು, ಕಪ್ಪು ಗೆರೆ. ಒಂದು ಶಿಲೀಂಧ್ರ ಇನ್ನೊಂದರ ಎದುರು ತನ್ನ ಜಾಗಕ್ಕೆ ಬೇಲಿ ಹಾಕಿಕೊಳ್ಳುತ್ತದೆ. ಕೆಲವು ಒಂಟಿಯಾಗಿದ್ದರೂ ತಮ್ಮ ಸುತ್ತ ಬೇಲಿ ಕಟ್ಟಿಕೊಳ್ಳುತ್ತವೆ, ಸೈಲೇರಿಯಾ ಪಾಲಿಮಾರ್ಫಾ ಇದರಲ್ಲಿ ನಿಸ್ಸೀಮ. ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಜಾತಿಯ ವಸ್ತುವೇ ಆ ಗೆರೆಯನ್ನೂ ಕಪ್ಪಾಗಿಸುವುದು. ಮೂರು, ನಿಜವಾದ ಬಣ್ಣ. ಕ್ಲೋರೋಸಿಬೋರಿಯಾ ಅನ್ನುವ ಪುಟ್ಟ ಅಣಬೆ ಮರವನ್ನು ನವಿಲುಗರಿಯ ಹಸಿರು-ನೀಲಿ ಮಾಡುತ್ತದೆ. 15ನೇ ಶತಮಾನದ ಇಟಲಿಯಲ್ಲಿ ಮರದ ಚೂರು ಜೋಡಿಸಿ ಚಿತ್ರ ಮಾಡುತ್ತಿದ್ದ ಕಸುಬುದಾರರು ಹಸಿರು ಬೇಕಾದಲ್ಲಿ ಈ ಮರವನ್ನೇ ಹುಡುಕಿ ತಂದು ಕೂರಿಸಿದ್ದಾರೆ. ಐನೂರು ವರ್ಷ ಕಳೆದರೂ ಆ ಹಸಿರು ಹೋಗಿಲ್ಲ.

ನಿಮ್ಮ ತುಂಡಿನಲ್ಲಿ ಮೊದಲಿನ ಎರಡು ಬಗೆ ಇರುವ ಹಾಗೆ ಕಾಣುತ್ತದೆ. ಕಪ್ಪು ಗೆರೆಗೆ ಹೆದರಬೇಡಿ, ಅದು ಗಟ್ಟಿ. ಕೆಲವು ಸಲ ಅಕ್ಕಪಕ್ಕದ ಮರಕ್ಕಿಂತಲೂ ಗಟ್ಟಿ, ಕತ್ತಿಯ ಬಾಯಿಗೆ ಸಣ್ಣ ಮರಳು ಸಿಕ್ಕಂತೆ ಅನಿಸುತ್ತದೆ. ಕೈಕೊಡುವುದು ಬಿಳಿಚಿದ ಭಾಗ. ತೂಕ ಇಳಿದದ್ದು ಕೈಗೆ ಗೊತ್ತಾಗುವ ಮೊದಲೇ ಅಲ್ಲಿ ಪೆಟ್ಟು ತಡೆಯುವ ಶಕ್ತಿ ಹೋಗಿರುತ್ತದೆ. ನೋಡಲು ಚೆನ್ನಾಗಿಯೇ ಇದ್ದ ಮೂಗು ಒಂದೇ ಒತ್ತಿಗೆ ಹೋಗುವುದು ಇದಕ್ಕೇ. ಕಂದು ಬಣ್ಣಕ್ಕೆ ತಿರುಗಿ, ಚಿಕ್ಕ ಚಿಕ್ಕ ಚೌಕಗಳಾಗಿ ಬಿರಿದು, ಉಜ್ಜಿದರೆ ಪುಡಿಯಾಗುವ ಭಾಗ ಏನಾದರೂ ಇದ್ದರೆ ಅದು ಬೇರೆ ಜಾತಿಯ ಕೊಳೆ. ಅದಕ್ಕೆ ಯಾವ ಮದ್ದೂ ಇಲ್ಲ, ಕೊಯ್ದು ಬಿಸಾಡಿ.

ಈಗ ತುಂಡನ್ನು ಎದುರಿಗಿಟ್ಟುಕೊಳ್ಳಿ. ಮೂರು ಪರೀಕ್ಷೆ ಮಾಡಿ, ಕಾಲು ಗಂಟೆ ಸಾಕು. ಹೆಬ್ಬೆರಳ ಉಗುರಿನಿಂದ ಎಲ್ಲ ಮಗ್ಗುಲನ್ನೂ ಒತ್ತುತ್ತ ಬನ್ನಿ, ಉಗುರಿನ ಗುರುತು ಸುಲಭವಾಗಿ ಕೂರುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ. ಆಮೇಲೆ ಕತ್ತಿಯ ಮೊನೆಯನ್ನು ಎಳೆಗೆ ಅಡ್ಡವಾಗಿ ಚುಚ್ಚಿ ಸ್ವಲ್ಪ ಮೀಟಿ. ಉದ್ದನೆಯ ಸಿಬಿರು ಎದ್ದರೆ ಮರಕ್ಕೆ ಇನ್ನೂ ಜೀವ ಇದೆ, ಸಿಬಿರೇ ಏಳದೆ ಲಟ್ಟನೆ ಮುರಿದರೆ ಲಡ್ಡು ಹಿಡಿದಿದೆ. ಕೊನೆಯದಾಗಿ ಕತ್ತಿಯ ಹಿಡಿಯಿಂದ ತಟ್ಟಿ ಕೇಳಿ. ಟಣ್ ಅನ್ನುವ ಕಡೆ ಮತ್ತು ದಬ್ ಅನ್ನುವ ಕಡೆ ಯಾವುದೆಂದು ಎರಡು ಸಲ ತಟ್ಟಿದರೆ ಕಿವಿಗೇ ಗೊತ್ತಾಗುತ್ತದೆ. 9 ಸೆಂ.ಮೀ. ಚೌಕದ ತುಂಡಿನಲ್ಲಿ ಒಂದಾದರೂ ಮಗ್ಗುಲು ಅಥವಾ ಮೂಲೆ ಗಟ್ಟಿಯಾಗಿ, ಗೆರೆ ಕಡಿಮೆಯಾಗಿ ಇರುವ ಸಾಧ್ಯತೆ ಹೆಚ್ಚು. ಅಜ್ಜಿಯ ಮುಖ ಅಲ್ಲಿಗೆ ಹೋಗಬೇಕು. ಅವಳನ್ನು ತಿರುಗಿಸಿ ಕೂರಿಸಿ, ಬೇಕಿದ್ದರೆ ತಲೆಕೆಳಗು ಮಾಡಿ ತಲೆಯನ್ನು ಇನ್ನೊಂದು ತುದಿಗೆ ತನ್ನಿ. ಮೂಗು ಮುರಿದ ಮಗ್ಗುಲು ಬೆನ್ನಾಗಲಿ.

ಆ ಚಿತ್ತಾರದ ಮಗ್ಗುಲು ವ್ಯರ್ಥವಾಯಿತಲ್ಲ ಅಂದುಕೊಳ್ಳಬೇಡಿ. ಅಜ್ಜಿಗೆ ಒಂದು ಶಾಲು ಹೊದಿಸಿ. ಬೆನ್ನು, ಭುಜ, ತೋಳು ಎಲ್ಲ ಶಾಲಿನ ಒಂದೇ ಅಗಲವಾದ ಮೈ ಆದಾಗ ಗೆರೆಗಳು ನೇಯ್ಗೆಯ ಹಾಗೆ ಹರಿಯುತ್ತವೆ, ನೀವು ಅಲ್ಲಿ ಏನೂ ಕೆತ್ತಬೇಕಿಲ್ಲ. ಎರಡು ಮಡಿಕೆ ಸಾಕು. ಇನ್ನು ಬೆಕ್ಕು! ನಿಮ್ಮ ಪ್ರಶ್ನೆ ಓದಿದಾಗ ನನಗೆ ಖುಷಿಯಾದದ್ದು ಬೆಕ್ಕಿನ ವಿಷಯಕ್ಕೆ. ಸುರುಳಿ ಸುತ್ತಿ ಮಲಗಿದ ಬೆಕ್ಕಿಗೆ ಈ ಮರಕ್ಕಿಂತ ಒಳ್ಳೆಯ ಮರ ಇಲ್ಲ. ಬಿಳಿಚು, ಕಂದು, ಕಪ್ಪು ಗೆರೆ ಎಲ್ಲ ಸೇರಿ ಪಟ್ಟೆಬೆಕ್ಕಿನ ಮೈ ತಾನಾಗಿ ಸಿಗುತ್ತದೆ. ಎರಡು ಕಿವಿ, ಮುಚ್ಚಿದ ಕಣ್ಣಿನ ಒಂದು ಗೀರು, ಬಾಲದ ಸುತ್ತು, ಇಷ್ಟು ಕೆತ್ತಿ ಬಿಟ್ಟುಬಿಡಿ. ಕೂದಲು ಕೆತ್ತಲು ಹೋದರೆ ಕೆಟ್ಟಿತು.

ಸುಕ್ಕು, ಬೆರಳು ಮೂಡುತ್ತದೆಯೇ ಅಂತ ಕೇಳಿದ್ದೀರಿ. ಮೂಡುತ್ತದೆ, ಕಾಣುವ ಹಾಗೆ ಮಾಡುವುದು ಬೇರೆ ಕೆಲಸ. ಒಂದೇ ಬಣ್ಣದ ಮರದಲ್ಲಿ ನಾವು ವಿವರವನ್ನು ನೋಡುವುದು ನೆರಳಿನಿಂದ. ರೆಪ್ಪೆಯ ಕೆಳಗೆ ಅರ್ಧ ಮಿಲಿಮೀಟರ್ ತಗ್ಗು ಮಾಡಿದರೂ ಅಲ್ಲಿ ನೆರಳು ಬಿದ್ದು ಕಣ್ಣು ಕಾಣುತ್ತದೆ. ಸ್ಪಾಲ್ಟೆಡ್ ಮರದಲ್ಲಿ ಮರದ ಕಪ್ಪು-ಬಿಳುಪು ಆ ಸಣ್ಣ ನೆರಳನ್ನು ನುಂಗಿಬಿಡುತ್ತದೆ. ಹಾಗಾಗಿ ಸಂಖ್ಯೆ ಕಡಿಮೆ ಮಾಡಿ ಆಳ ಜಾಸ್ತಿ ಮಾಡಬೇಕು. ಹಣೆಯಲ್ಲಿ ಆರು ಸುಕ್ಕು ಎಳೆಯುವ ಬದಲು ಎರಡು, ಆದರೆ ಎರಡು ಪಟ್ಟು ಆಳ. ಮೇಲಿನ ರೆಪ್ಪೆಯನ್ನು ಒಳಗಿನಿಂದ ಕೊರೆದು ಚಾವಣಿಯ ಹಾಗೆ ಮುಂದಕ್ಕೆ ಬಿಡಿ, ಅದರಡಿ ಗಾಢ ನೆರಳು ನಿಲ್ಲುತ್ತದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಡಿ. ಬೆಕ್ಕಿನ ಬೆನ್ನ ಮೇಲೆ ಇಟ್ಟ ಮುಚ್ಚಿದ ಕೈ ಮಾಡಿ, ಬೆರಳ ನಡುವೆ ಮೂರು ಗೀರು ಬಂದರೆ ಕೈ ಕೈಯಾಗಿಯೇ ಕಾಣುತ್ತದೆ, ಮುರಿಯುವ ಭಯವೂ ಇಲ್ಲ. ಪ್ರತಿ ದಿನ ಕೆಲಸ ಮುಗಿಸುವಾಗ ಫೋನಿನಲ್ಲಿ ಒಂದು ಕಪ್ಪು-ಬಿಳುಪು ಫೋಟೊ ತೆಗೆದು ಎರಡು ಮೀಟರ್ ದೂರದಿಂದ ನೋಡಿ. ಬಣ್ಣದ ಮೋಹ ಕಳಚಿದಾಗ ಮುಖ ಇನ್ನೂ ಮುಖವಾಗಿದೆಯೇ ಅನ್ನುವುದು ಕೂಡಲೇ ಗೊತ್ತಾಗುತ್ತದೆ.

ಗೆರೆಗಳ ವಿಷಯದಲ್ಲಿ ಒಂದು ಮಾತು, ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಹಿಂದೊಮ್ಮೆ ನಗುವ ಮುದುಕಿಯೊಬ್ಬಳ ತಲೆ ಕೆತ್ತಿದ್ದೆ. ಒರಟು ಕೆತ್ತನೆಯ ಹೊತ್ತಿಗೆ ಕಪ್ಪು ಗೆರೆ ಕಿವಿಯ ಹತ್ತಿರ ಇತ್ತು, ಚೆನ್ನಾಗಿಯೇ ಕಾಣುತ್ತಿತ್ತು. ಕೆನ್ನೆಯನ್ನು ತೆಳ್ಳಗೆ ಮಾಡುತ್ತ ಹೋದ ಹಾಗೆ ಅದು ದಿನಕ್ಕಿಷ್ಟು ಮುಂದಕ್ಕೆ ಬಂತು. ಮುಗಿಯುವ ಹೊತ್ತಿಗೆ ಕಣ್ಣಿನ ಮೂಲೆಯಿಂದ ತುಟಿಯವರೆಗೆ ಇಳಿದು ನಿಂತಿತ್ತು. ಉಡುಗೊರೆ ಪಡೆದವರು ಮೊದಲು ಕೇಳಿದ್ದೇ "ಇವರು ಯಾಕೆ ಅಳುತ್ತಿದ್ದಾರೆ?" ಅಂತ. ತುಟಿಯಲ್ಲಿ ನಗು ಕೂರಿಸಲು ಎರಡು ವಾರ ಕೂತಿದ್ದೆ ನಾನು.

ಆಗಿದ್ದೇನೆಂದರೆ, ನಮಗೆ ಗೆರೆಯಾಗಿ ಕಾಣುವುದು ಮರದೊಳಗೆ ಗೆರೆಯಲ್ಲ, ತೆಳ್ಳನೆಯ ಗೋಡೆ. ಈರುಳ್ಳಿಯ ಪದರ ಕತ್ತರಿಸಿದಾಗ ಗೆರೆಯಾಗಿ ಕಾಣುವ ಹಾಗೆ. ಆ ಗೋಡೆ ಮೇಲ್ಮೈಗೆ ನೇರವಾಗಿ ನಿಂತಿದ್ದರೆ ಎಷ್ಟು ಆಳ ಕೆತ್ತಿದರೂ ಗೆರೆ ಇದ್ದಲ್ಲೇ ಇರುತ್ತದೆ. ಓರೆಯಾಗಿದ್ದರೆ ಜಾಗ ಬಿಡುತ್ತದೆ. 45 ಡಿಗ್ರಿ ಓರೆ ಇದ್ದರೆ 5 ಮಿ.ಮೀ. ಕೆತ್ತಿದಾಗ ಗೆರೆ 5 ಮಿ.ಮೀ. ಸರಿಯುತ್ತದೆ. ಮೇಲ್ಮೈಗೆ 30 ಡಿಗ್ರಿ ಕೋನದಷ್ಟೇ ಇದ್ದು ಮಲಗಿದಂತಿದ್ದರೆ ಅದೇ 5 ಮಿ.ಮೀ.ಗೆ ಸುಮಾರು 9 ಮಿ.ಮೀ. ನಿಮ್ಮ ಅಜ್ಜಿಯ ಮುಖವೇ ಮೂರೂವರೆ ಸೆಂಟಿಮೀಟರ್ ಇರಬಹುದು, ಅದರಲ್ಲಿ 9 ಮಿ.ಮೀ. ಅಂದರೆ ಕಿವಿಯಿಂದ ಕಣ್ಣಿನವರೆಗಿನ ದಾರಿ. ಅದಕ್ಕೇ ಕೆತ್ತುವ ಮೊದಲು ತುಂಡಿನ ಪಕ್ಕದ ಮಗ್ಗುಲು ಮತ್ತು ಮೇಲ್ತುದಿ ಎರಡನ್ನೂ ಓದಬೇಕು. ಎದುರಿನ ಗೆರೆ ಮೂಲೆ ದಾಟಿ ಪಕ್ಕದ ಮಗ್ಗುಲಲ್ಲಿ ಯಾವ ಓರೆಯಲ್ಲಿ ಇಳಿಯುತ್ತದೆ ನೋಡಿ, ಅದೇ ಗೋಡೆಯ ಓರೆ. ಮುಖ ಎಷ್ಟು ಒಳಗೆ ಬರುತ್ತದೋ ಅಷ್ಟು ಆಳದಲ್ಲಿ ಅದು ಎಲ್ಲಿರುತ್ತದೆ ಅನ್ನುವುದನ್ನು ಅಡಿಪಟ್ಟಿ ಇಟ್ಟು ಗುರುತು ಮಾಡಿಕೊಳ್ಳಿ. ಗೋಡೆಗಳು ಬಾಗಿರುವುದರಿಂದ ಕರಾರುವಾಕ್ಕಾಗಿ ಬರುವುದಿಲ್ಲ. ಆದರೂ ಕಣ್ಣೀರಿನಂಥ ಅನಾಹುತ ತಪ್ಪುತ್ತದೆ. ಹಣೆಗೆ ಅಡ್ಡವಾಗಿ, ಕೂದಲ ಅಂಚಿನಲ್ಲಿ ಅಥವಾ ಗಲ್ಲದ ಕೆಳಗೆ ಗೆರೆ ಬಂದರೆ ವರ. ಕೆನ್ನೆಯ ಮೇಲೆ ಉದ್ದುದ್ದ ಬಂದರೆ ಕಣ್ಣೀರು ಅಥವಾ ಗಾಯದ ಕಲೆ, ಮೂರನೆಯದಾಗಿ ಯಾರೂ ನೋಡುವುದಿಲ್ಲ.

ಮುರಿದ ಮೂಗಿಗೆ ಬರೋಣ. ತುಂಡನ್ನು ತಿರುಗಿಸಲು ಆಗದಷ್ಟು ಕೆತ್ತಿಬಿಟ್ಟಿದ್ದರೆ, ಮುಖವನ್ನೇ ಒಳಕ್ಕೆ ಸರಿಸಿ. ಮುಖದಲ್ಲಿ ಎಲ್ಲಕ್ಕಿಂತ ಮುಂದಿರುವುದು ಮೂಗಿನ ತುದಿ. ಅದು ಹೋದರೆ ಹಣೆ, ಕೆನ್ನೆ, ಗಲ್ಲ ಎಲ್ಲವನ್ನೂ ನಾಲ್ಕೈದು ಮಿಲಿಮೀಟರ್ ಹಿಂದಕ್ಕೆ ತಂದರೆ ಹೊಸ ಮೂಗಿಗೆ ಮರ ಸಿಗುತ್ತದೆ. ತಲೆ ಚಿಕ್ಕದಾಗುತ್ತದೆ ನಿಜ. ಶಾಲನ್ನು ತಲೆಯ ಮೇಲೂ ಹೊದಿಸಿ, ಅಳತೆ ಸರಿಹೋಗುತ್ತದೆ. ಮೂಗಿಗೆ ಬೇರೆ ಚೂರು ಅಂಟಿಸುವವರೂ ಇದ್ದಾರೆ. ಗೆರೆಯ ಮರದಲ್ಲಿ ಬೆಸುಗೆ ಎದ್ದು ಕಾಣುತ್ತದೆ, ನನಗೆ ಇಷ್ಟವಿಲ್ಲ. ಇದಕ್ಕಿಂತ ಮುಖ ಮತ್ತು ಕೈಗಳನ್ನು ಪೂರ್ತಿಯಾಗಿ ಬೇರೆ, ಒಂದೇ ಬಣ್ಣದ ಗಟ್ಟಿ ಮರದಲ್ಲಿ ಕೆತ್ತಿ ಶಾಲಿನೊಳಗೆ ಕೂರಿಸುವುದು ಮೇಲು. ಜೋಡಣೆ ಶಾಲಿನ ಅಂಚಿನಲ್ಲಿ ಅಡಗುತ್ತದೆ, ಬೇಕೆಂದೇ ಮಾಡಿದ್ದು ಅನಿಸುತ್ತದೆ. ಮೂರು ಪರೀಕ್ಷೆಯಲ್ಲೂ ಗಟ್ಟಿ ಮಗ್ಗುಲೇ ಸಿಗದಿದ್ದರೆ ಹೀಗೇ ಮಾಡಿ.

ಗಟ್ಟಿ ಮಾಡುವ ಬಗ್ಗೆ ಎಲ್ಲರೂ ಮೊದಲು ಹೇಳುವುದು ನೀರಿನಷ್ಟು ತೆಳುವಾದ ಸೂಪರ್ ಗ್ಲೂ. ಅದು ಕೆಲಸ ಮಾಡುತ್ತದೆ. ಎಳೆಗಳು ಕೊನೆಯಾಗುವ ತುದಿಮುಖದಿಂದ ಆಳಕ್ಕೆ ಇಳಿಯುತ್ತದೆ, ಆದರೆ ಪಕ್ಕದ ಮೈಯಿಂದ ಮಿಲಿಮೀಟರಿನಷ್ಟು ಇಳಿದರೆ ಹೆಚ್ಚು. ಸ್ವಲ್ಪ ಕೆತ್ತಿದ ಮೇಲೆ ಮತ್ತೆ ಮೆತ್ತನೆಯ ಮರ ಸಿಗುತ್ತದೆ, ಮತ್ತೆ ಹಾಕಬೇಕು. ಒಣಗಿದ ಮೇಲೆ ಗಾಜಿನ ಹಾಗೆ. ಕತ್ತಿ ಬೇಗ ಮೊಂಡಾಗುತ್ತದೆ. ಗಾಜಿನಂಥ ಜಾಗ ಮುಗಿದು ಮೆತ್ತನೆಯದು ಶುರುವಾಗುವ ಅಂಚಿನಲ್ಲಿ ಕತ್ತಿ ಹಠಾತ್ತನೆ ಜಿಗಿಯುತ್ತದೆ, ಆ ಜಿಗಿತಕ್ಕೆ ಮರವೂ ಹೋಗಬಹುದು, ನಿಮ್ಮ ಬೆರಳೂ ಹೋಗಬಹುದು. ಬೇಗ ಒಣಗಲಿ ಅಂತ ಮೇಲೆ ಸಿಂಪಡಿಸುವ ಸ್ಪ್ರೇ ಹಾಕಬೇಡಿ, ಬಿಳಿ ನೊರೆಯಾಗಿ ಗೆರೆಗಳನ್ನೇ ಮುಚ್ಚಿಬಿಡುತ್ತದೆ. ಇನ್ನೊಂದು, ಅದನ್ನು ಹತ್ತಿಬಟ್ಟೆಯಿಂದ ಒರೆಸಬೇಡಿ, ಹತ್ತಿಯ ಕೈಗವಸನ್ನೂ ಹಾಕಿಕೊಳ್ಳಬೇಡಿ. ಹತ್ತಿಗೆ ಸೋಕಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಒಡೆದ ಚೂರು ಕೂರಿಸಲು, ಸಣ್ಣ ಬಿರುಕು ಹಿಡಿಯಲು ಸೂಪರ್ ಗ್ಲೂ ಇಟ್ಟುಕೊಳ್ಳಿ.

ಕತ್ತಿಯಲ್ಲಿ ಕೆತ್ತುವವರಿಗೆ ನಾನು ಹೇಳುವುದು ಪ್ಯಾರಲಾಯ್ಡ್ ಬಿ-72. ಹಳೆಯ ಮರದ ವಿಗ್ರಹ, ಚೌಕಟ್ಟುಗಳು ಹುಳು ತಿಂದು ಜೊಳ್ಳಾದಾಗ ಮ್ಯೂಸಿಯಂಗಳಲ್ಲಿ ಅವನ್ನು ಗಟ್ಟಿ ಮಾಡಲು ಬಳಸುವ ಅಕ್ರಿಲಿಕ್ ರಾಳ ಇದು. ಸಣ್ಣ ಹರಳುಗಳಾಗಿ ಸಿಗುತ್ತದೆ, ಅಸಿಟೋನಿನಲ್ಲಿ ಕರಗುತ್ತದೆ. 95 ಗ್ರಾಂ ಅಸಿಟೋನಿಗೆ 5 ಗ್ರಾಂ ಹರಳು ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿ ಬಿಡಿ. ಇದು ಮೊದಲ ಸುತ್ತಿಗೆ. ಎರಡನೇ ಸುತ್ತಿಗೆ 90ಕ್ಕೆ 10. ಮೆತ್ತನೆಯ ಜಾಗಕ್ಕೆ ಕುಂಚದಿಂದ ಹಚ್ಚುತ್ತಲೇ ಇರಿ, ಕುಡಿಯುವುದು ನಿಲ್ಲಿಸುವವರೆಗೆ. ಆಮೇಲೆ ಮಾಡುವ ಕೆಲಸವೇ ಮುಖ್ಯ: ತುಂಡನ್ನು ಗಾಳಿಗೆ ಇಡಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ನಿಧಾನವಾಗಿ ಒಣಗಲು ಬಿಡಿ. ಅಸಿಟೋನ್ ಬೇಗ ಆರಿದರೆ ಹೊರಗೆ ಬರುವಾಗ ರಾಳವನ್ನೂ ಎಳೆದುಕೊಂಡು ಬರುತ್ತದೆ, ಮೇಲೆ ಹೊಳೆಯುವ ಪದರ ನಿಂತು ಒಳಗೆ ಮರ ಜೊಳ್ಳಾಗಿಯೇ ಉಳಿಯುತ್ತದೆ. ನಾಲ್ಕೈದು ದಿನ ಡಬ್ಬಿಯಲ್ಲಿ, ಆಮೇಲೆ ಒಂದು ವಾರ ಹೊರಗೆ. ಹೀಗೆ ಮಾಡಿದ ಮರ ಸೂಪರ್ ಗ್ಲೂ ಹಾಕಿದ್ದರ ಹಾಗೆ ಗಾಜಾಗುವುದಿಲ್ಲ, ಕತ್ತಿ ಒಂದೇ ಹದದಲ್ಲಿ ಓಡುತ್ತದೆ. ಅಸಿಟೋನ್ ಬೆಂಕಿಗೆ ಬಹಳ ಸಲೀಸು ಎನ್ನುವುದು ನೆನಪಿರಲಿ, ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಬೇಡ.

ನಿರ್ವಾತದಲ್ಲಿ ರಾಳ ತುಂಬಿ ಬಿಸಿಯಲ್ಲಿ ಗಟ್ಟಿ ಮಾಡುವ ವಿಧಾನವೂ ಇದೆ. ಪೆನ್ನು, ಚಾಕುವಿನ ಹಿಡಿ ಮಾಡುವವರಿಗೆ ಅದು ಸರಿ. ಕೆತ್ತುವವರಿಗೆ ಪ್ಲಾಸ್ಟಿಕ್ ಕೆತ್ತಿದ ಅನುಭವ.

ಹತ್ಯಾರದ ಬಗ್ಗೆ ಹೊಸದೇನೂ ಇಲ್ಲ, ಹರಿತ ಇರಬೇಕು ಅಷ್ಟೆ. ಆದರೆ ನೀವು ಹರಿತ ಅಂದುಕೊಂಡಿರುವುದು ಈ ಮರಕ್ಕೆ ಸಾಲದು. ಒಳ್ಳೆಯ ಮರದಲ್ಲಿ ಎಳೆಗಳು ಕತ್ತಿಗೆ ಎದುರು ನಿಂತು ಕೊಯ್ಯಿಸಿಕೊಳ್ಳುತ್ತವೆ. ಇಲ್ಲಿ ಹಿಂದೆ ಆಸರೆಯೇ ಇಲ್ಲದ ಎಳೆಗಳು, ಸ್ವಲ್ಪ ಮೊಂಡಾದರೂ ಬಾಗಿ ಕಿತ್ತುಬರುತ್ತವೆ. ಸಾಣೆ ಹಿಡಿದ ಮೇಲೆ ಚರ್ಮದ ಪಟ್ಟಿಯ ಮೇಲೆ ಮಸೆಯಿರಿ, ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಮಸೆಯಿರಿ. ಕತ್ತಿಯನ್ನು ಮುಂದಕ್ಕೆ ದೂಡದೆ ಓರೆಯಾಗಿ ಎಳೆಯುತ್ತ ಕೊಯ್ಯಿರಿ, ತರಕಾರಿಯನ್ನು ಜಾರಿಸಿ ಹೆಚ್ಚುವ ಹಾಗೆ. ಕೊಡತಿಯನ್ನು ಒರಟು ಕೆಲಸ ಮುಗಿದ ಮೇಲೆ ದೂರ ಇಡಿ. ಮೂಗಿನ ಬುಡ ಕೊಯ್ಯುವಾಗ ಮೊದಲು ಮೇಲಿನಿಂದ ತಡೆಗೀರು, ಅಂದರೆ ಸೀಳು ಮುಂದೆ ಹೋಗದಂತೆ ತಡೆಯುವ ಗೀರು ಹಾಕಿ, ಆಮೇಲೆ ಕೆನ್ನೆಯ ಕಡೆಯಿಂದ ಕಾಗದದಷ್ಟು ತೆಳ್ಳಗೆ ತೆಗೆಯುತ್ತ ಬನ್ನಿ. ಎಡಗೈ ಹೆಬ್ಬೆರಳು ಮೂಗಿನ ಆಚೆ ಬದಿಗೆ ಒತ್ತಾಸೆಯಾಗಿರಲಿ. ಬೆಕ್ಕಿನ ಕಿವಿ, ಕೈಬೆರಳು ಇಂಥ ಚಾಚಿದ ಭಾಗಗಳನ್ನು ಕೊನೆಯವರೆಗೂ ದಪ್ಪ ಬಿಡಿ. ಎಷ್ಟೇ ಜಾಗ್ರತೆ ವಹಿಸಿದರೂ ಕಿತ್ತುಬರುವ ಜಾಗದಲ್ಲಿ ಸಣ್ಣ ತಿರುಗುವ ಯಂತ್ರಕ್ಕೆ ನಯವಾದ ವಜ್ರಪುಡಿಯ ಮೊನೆ ಹಾಕಿ ಸವೆಸಬಹುದು. ಅದು ಎಳೆಯನ್ನು ದೂಡುವುದಿಲ್ಲ, ತೇಯುತ್ತದೆ. ಧೂಳು ಮಾತ್ರ ವಿಪರೀತ. ಸುಡುವ ಕಡ್ಡಿಯಿಂದ ಹುಬ್ಬು, ಸುಕ್ಕು ಎಳೆಯುವುದು ಬೇಡವೇ ಬೇಡ. ಕಪ್ಪು ಗೆರೆಯ ಮರದಲ್ಲಿ ಸುಟ್ಟ ಗೆರೆ ಯಾವುದು, ಮರದ ಗೆರೆ ಯಾವುದು ಗೊತ್ತಾಗುವುದಿಲ್ಲ, ಮೇಲಾಗಿ ಅಂಟು ಕುಡಿದ ಮರ ಸುಟ್ಟಾಗ ಏಳುವ ಹೊಗೆ ಕಣ್ಣು, ಎದೆ ಎರಡನ್ನೂ ಉರಿಸುತ್ತದೆ.

ಉಪ್ಪುಕಾಗದ ಹಾಕುವಾಗ ಬೆರಳಿನ ಮೇಲೆ ಸುತ್ತಿ ಉಜ್ಜಬೇಡಿ. ಮೆತ್ತನೆಯದು ಬೇಗ ಸವೆದು ಗೆರೆಗಳು ನರದ ಹಾಗೆ ಉಬ್ಬಿ ನಿಲ್ಲುತ್ತವೆ. ಗಟ್ಟಿ ಮರದ ಚೂರಿಗೆ ಕಾಗದ ಅಂಟಿಸಿ ಉಜ್ಜಿ. ಮುಖಕ್ಕೆ ಉಪ್ಪುಕಾಗದವೇ ಬೇಡ ಎನ್ನುವುದು ನನ್ನ ಪಕ್ಷ. ಹರಿತವಾದ ಕತ್ತಿಯ ಕೊನೆಯ ಕೊಯ್ತ ಬಿಟ್ಟ ಹೊಳಪನ್ನು ಯಾವ ಕಾಗದವೂ ಕೊಡಲಾರದು.

ಶಿಲೀಂಧ್ರ ಮನೆಗೆ ಹೋಗುವ ಭಯ. ಮರ ಕೊಳೆಸುವ ಶಿಲೀಂಧ್ರಕ್ಕೆ ನೀರು ಬೇಕು. ಮರದ ತೇವಾಂಶ ಶೇ. 20ರ ಕೆಳಗೆ ಇಳಿದರೆ ಅದು ಬೆಳೆಯುವುದಿಲ್ಲ, ಮನೆಯೊಳಗೆ ಒಣಗಿದ ಮರ ಸಾಮಾನ್ಯವಾಗಿ ಶೇ. 12ರ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಬಂದಿರುತ್ತದೆ. ಅಳೆಯುವ ಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು. ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ, ಎರಡು ವಾರ ತೂಕ ಬದಲಾಗದಿದ್ದರೆ ಒಣಗಿದೆ ಅಂತ ಲೆಕ್ಕ. ಒಣಗುವುದರಿಂದ ಶಿಲೀಂಧ್ರ ನಿದ್ದೆ ಹೋಗುತ್ತದೆ, ಸಾಯುವುದು ಬಿಸಿಗೆ. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮದಲ್ಲಿ ಮರದ ಒಳತಿರುಳು ಸಹ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಡೆಬಿಡದೆ 30 ನಿಮಿಷ ಇರಬೇಕು ಅಂತಿದೆ. ಹುಳುಗಳ ವಿಷಯದಲ್ಲಿ ಇದು ಭರವಸೆಯ ಅಳತೆ. ಸಣ್ಣ ತೂತು, ತೂತಿನ ಬಾಯಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಈ ಬಿಸಿ ಕೊಡಲೇಬೇಕು. ಕೊಡುವುದಿದ್ದರೆ ರಾಳ ಹಚ್ಚುವ ಮೊದಲು, ಪೂರ್ತಿ ಒಣಗಿದ ತುಂಡಿಗೆ ಕೊಡಿ. ಹಸಿ ಮರಕ್ಕೆ ಬಿಸಿ ಕೊಟ್ಟರೆ ಬಿರಿಯುತ್ತದೆ. ಒಣಗಿ, ಪಾಲಿಷ್ ಆಗಿ, ಕಪಾಟಿನಲ್ಲಿ ಕೂತ ಅಜ್ಜಿಯಿಂದ ನಿಮ್ಮಕ್ಕನಿಗೆ ತೊಂದರೆ ಇಲ್ಲ.

ತೊಂದರೆ ಇರುವುದು ನಿಮಗೆ, ಕೆತ್ತುವ ಹೊತ್ತಿನಲ್ಲಿ. ಯಾವ ಮರದ ಧೂಳೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇಲ್ಲಿ ಅದರ ಜೊತೆ ಶಿಲೀಂಧ್ರದ ಬೀಜಕಣಗಳೂ ಸೇರುತ್ತವೆ. ಕತ್ತಿಯಲ್ಲಿ ಚಕ್ಕೆ ತೆಗೆಯುವಾಗ ಅಷ್ಟಿಲ್ಲ. ಉಜ್ಜುವಾಗ, ಯಂತ್ರ ಓಡಿಸುವಾಗ ಎನ್-95 ಮಾಸ್ಕ್ ಕಡ್ಡಾಯ. ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಲ್ಲಕ್ಕೆ ಇಳಿಬಿಟ್ಟರೆ ಪ್ರಯೋಜನವಿಲ್ಲ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಈ ಮರದ ಸಹವಾಸವೇ ಬಿಟ್ಟು ಬೇರೆ ಮರ ಹಿಡಿಯುವುದು ಒಳ್ಳೆಯದು.

ಪಾಲಿಷ್‌ನಲ್ಲಿ ಮೊದಲು ತೀರ್ಮಾನ ಮಾಡಬೇಕಾದದ್ದು, ಬಿಳುಪು ಬಿಳುಪಾಗಿಯೇ ಇರಬೇಕೇ ಎನ್ನುವುದು. ಅಗಸೆ ಎಣ್ಣೆಯಂಥವು ಮರವನ್ನು ಹಳದಿಯಾಗಿಸುತ್ತವೆ, ಕಾಲ ಕಳೆದಂತೆ ಇನ್ನಷ್ಟು. ಜೊಳ್ಳಾದ ಕಡೆ ಎಣ್ಣೆ ಜಾಸ್ತಿ ಕುಡಿದು ಅಲ್ಲಲ್ಲಿ ಒದ್ದೆ ಕಲೆಯ ಹಾಗೆ ನಿಲ್ಲುತ್ತದೆ, ಅಂಟು ಬಿದ್ದ ಕಡೆ ಹೀರುವುದೇ ಇಲ್ಲ. ನಾನು ಮಾಡುವುದು ಹೀಗೆ: ಮೇಣ ತೆಗೆದ ತಿಳಿ ಅರಗಿನ ಪಾಲಿಷ್ ಅನ್ನು ಬಹಳ ತೆಳ್ಳಗೆ ಮಾಡಿ ಎಲ್ಲ ಕಡೆಗೂ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಆಗ ಎಲ್ಲ ಜಾಗವೂ ಒಂದೇ ಸಮನಾಗುತ್ತದೆ. ಅದರ ಮೇಲೆ ನೀರಿನಂತೆ ತಿಳಿಯಾದ, ಹೊಳಪಿಲ್ಲದ ಅಕ್ರಿಲಿಕ್ ವಾರ್ನಿಷ್. ಒಂದು ಎಚ್ಚರಿಕೆ: ಬಿ-72 ಹಾಕಿದ ಮರಕ್ಕೆ ಅಸಿಟೋನ್ ಅಥವಾ ಥಿನ್ನರ್ ಬೆರೆತ ವಾರ್ನಿಷ್ ಹಚ್ಚಿದರೆ ರಾಳ ಮತ್ತೆ ಕರಗುತ್ತದೆ, ನೀರಿನಲ್ಲಿ ಬೆರೆಯುವ ಬಗೆಯನ್ನೇ ಆರಿಸಿ. ಮಿರಮಿರ ಹೊಳೆಯುವುದು ಬೇಡ. ಆ ಹೊಳಪಿನ ಚುಕ್ಕೆಗಳು ಕಷ್ಟಪಟ್ಟು ತಂದ ನೆರಳನ್ನು ಹಾಳುಮಾಡುತ್ತವೆ. ಮೇಣ ಹಚ್ಚುವುದಿದ್ದರೆ ಶಾಲಿಗೆ ಮಾತ್ರ ಹಚ್ಚಿ. ಕಣ್ಣಿನ ಮೂಲೆಯಲ್ಲಿ ಸಿಕ್ಕಿಕೊಂಡ ಮೇಣ ಬಿಳಿ ಪಿಸಿರಿನ ಹಾಗೆ ಕಾಣುತ್ತದೆ, ಎಷ್ಟು ತೆಗೆದರೂ ಬರುವುದಿಲ್ಲ. ಎಣ್ಣೆಯನ್ನೇ ಬಳಸುತ್ತೀರಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಒಣಗುವ ಎಣ್ಣೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಅಥವಾ ನೀರಲ್ಲಿ ಅದ್ದಿಡಿ.

ಉಡುಗೊರೆ ಅಂದಮೇಲೆ ಅದು ಕೈಯಿಂದ ಕೈಗೆ ಓಡಾಡುತ್ತದೆ, ಬೀಳುತ್ತದೆ. ಈ ಮರ ಹಗುರ, ಸುಲಭವಾಗಿ ಮಗುಚುತ್ತದೆ. ಕೆಳಗೆ ಒಂದು ಭಾರವಾದ ಗಟ್ಟಿ ಮರದ ಪೀಠ ಕೊಡಿ, ಪೀಠದಿಂದ ಅಜ್ಜಿಯ ಮೈಯೊಳಕ್ಕೆ 3 ಮಿ.ಮೀ. ಹಿತ್ತಾಳೆ ಕಡ್ಡಿ ಎರಡು ಕಡೆ ಕೂರಿಸಿ. ಬಿಸಿಲು ಬೀಳದ ಜಾಗದಲ್ಲಿ ಇಡಲು, ಒದ್ದೆ ಬಟ್ಟೆಯಲ್ಲಿ ಒರೆಸದೆ ಒಣ ಕುಂಚದಿಂದ ಧೂಳು ಕೊಡವಲು ಅಕ್ಕನಿಗೆ ಹೇಳಿ.

ಎರಡು ತಿಂಗಳು ಸಾಕು, ಆದರೆ ಮೊದಲ ಸುಮಾರು ನಾಲ್ಕು ವಾರ ಒಣಗಿಸುವುದಕ್ಕೆ, ರಾಳಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲಿ ಅದೇ ಅಳತೆಯ ಅಜ್ಜಿಯನ್ನು ಜೇಡಿಮಣ್ಣಿನಲ್ಲಿ ಮಾಡಿ. ಶಾಲು ತಲೆಯ ಮೇಲಿದ್ದರೆ ಹೇಗೆ, ಭುಜದ ಮೇಲಿದ್ದರೆ ಹೇಗೆ, ಕೈ ಬೆಕ್ಕಿನ ಎಲ್ಲಿ ಕೂರಬೇಕು, ಎಲ್ಲ ಮಣ್ಣಿನಲ್ಲೇ ತೀರ್ಮಾನವಾಗಲಿ. ಮುರಿದ ಮೂಗಿನ ಚೂರುಗಳು, ಮುಂದೆ ಕೊಯ್ಯುವಾಗ ಉದುರುವ ದೊಡ್ಡ ಚಕ್ಕೆಗಳು ಯಾವುದನ್ನೂ ಎಸೆಯಬೇಡಿ. ರಾಳ ಎಷ್ಟು ಇಳಿಯುತ್ತದೆ, ಅರಗು ಹಚ್ಚಿದರೆ ಬಿಳುಪು ಎಷ್ಟು ಮಂದವಾಗುತ್ತದೆ ಅನ್ನುವುದನ್ನು ಮೊದಲು ಅವುಗಳ ಮೇಲೆ ನೋಡಿ, ಆಮೇಲೆ ಅಜ್ಜಿಗೆ ಹಚ್ಚಿ.